ನವನಗರ: ಮುಳುಗಡೆ ಕಟ್ಟಿದ ಊರಿನಲ್ಲಿ ನೆಲೆಸುವ ಮುನ್ನ

ಬಾಗಲಕೋಟೆಯ ನವನಗರ ತಾನಾಗಿ ಬೆಳೆದ ಊರಲ್ಲ, ಮುಳುಗಡೆಯ ಕಾರಣಕ್ಕೆ ಕಟ್ಟಿದ ಊರು. ಮೊದಲು ಇಲ್ಲಿಗೆ ಬಂದವರು ಮನೆ ನೀರಿಗೆ ಬಿಟ್ಟು ಬಂದವರು. ಅವರಿಗೆ ಬೇರೆ ದಾರಿ ಇರಲಿಲ್ಲ. ಈಗ ಚಿತ್ರ ಬದಲಾಗಿದೆ. ಬಾದಾಮಿ, ಹುನಗುಂದ, ಇಳಕಲ್, ಬೀಳಗಿ ಕಡೆಯ ನೌಕರರು, ಮಕ್ಕಳ ಓದಿಗೆಂದು ಬಂದ ರೈತ ಕುಟುಂಬಗಳು, ಪಿಂಚಣಿ ಹಣದಲ್ಲಿ ಸಣ್ಣದೊಂದು ಮನೆ ಮಾಡಿಕೊಳ್ಳಬೇಕೆನ್ನುವ ನಿವೃತ್ತರು ತಾವಾಗಿಯೇ ನವನಗರದತ್ತ ನೋಡುತ್ತಿದ್ದಾರೆ. ಹೀಗೆ ಆರಿಸಿಕೊಂಡು ಬರುವವರಿಗೆ ಈ ಊರು ಏನು ಕೊಡುತ್ತದೆ, ಏನು ಕೊಡುವುದಿಲ್ಲ ಎಂಬ ಲೆಕ್ಕ ಇಲ್ಲಿದೆ.

ಹುಟ್ಟು

ಕೃಷ್ಣಾ ನದಿಗೆ ಆಲಮಟ್ಟಿಯಲ್ಲಿ ಅಣೆಕಟ್ಟು ಕಟ್ಟಲು 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿ ಅಡಿಗಲ್ಲು ಹಾಕಿದರು. ಜಲಾಶಯ ತುಂಬಿದರೆ ಹಿನ್ನೀರು ಉಪನದಿ ಘಟಪ್ರಭೆಯ ಪಾತ್ರದಲ್ಲಿ ಮೇಲೇರಿ, ಅದರ ದಂಡೆಯಲ್ಲಿರುವ ಬಾಗಲಕೋಟೆಯ ತಗ್ಗಿನ ಓಣಿಗಳನ್ನು ಮುಚ್ಚುತ್ತದೆ ಎಂಬುದು ಸ್ಪಷ್ಟವಿತ್ತು. ಹಾಗಾಗಿ 1983ರ ಕಾಯ್ದೆಯಡಿ ಬಾಗಲಕೋಟೆ ಪಟ್ಟಣ ಅಭಿವೃದ್ಧಿ ಪ್ರಾಧಿಕಾರ ರಚನೆಯಾಯಿತು. ಹಳೆ ಊರಿನ ಪಶ್ಚಿಮಕ್ಕೆ, ಎತ್ತರದ ನೆಲದಲ್ಲಿ ಹೊಸ ಪಟ್ಟಣದ ಯೋಜನೆ ಸಿದ್ಧವಾಯಿತು. ಅದನ್ನು ರೂಪಿಸಿದವರು ಖ್ಯಾತ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ. ಅದಕ್ಕೂ ಮೊದಲು ಅವರು ನವಿ ಮುಂಬೈ ಯೋಜನೆಯಲ್ಲಿ ದುಡಿದಿದ್ದರು.

ಜಲಾಶಯದಲ್ಲಿ 519.60 ಮೀಟರ್ ಮಟ್ಟದವರೆಗೆ ನೀರು ನಿಲ್ಲಿಸಲು ಸುಪ್ರೀಂ ಕೋರ್ಟ್ 2000ದಲ್ಲಿ ಒಪ್ಪಿತು. ಅದಕ್ಕೆ ಮೂರು ವರ್ಷ ಮೊದಲು, 1997ರ ಆಗಸ್ಟ್ 15ರಂದು, ಬಾಗಲಕೋಟೆ ವಿಜಯಪುರದಿಂದ ಬೇರ್ಪಟ್ಟು ಪ್ರತ್ಯೇಕ ಜಿಲ್ಲೆಯಾಗಿತ್ತು. ಪುನರ್ವಸತಿ ಬಡಾವಣೆಯಾಗಿ ಶುರುವಾದ ನವನಗರಕ್ಕೆ ಇದರಿಂದ ಜಿಲ್ಲಾಡಳಿತದ ಊರಾಗುವ ಯೋಗವೂ ಬಂತು.

ವಿನ್ಯಾಸ

ಬಾಗಲಕೋಟೆ ಈಗ ಒಂದೇ ಹೆಸರಿನ ಮೂರು ಊರು: ನದಿಯ ಕಡೆ ಹಳೆ ಬಾಗಲಕೋಟೆ, ನಡುವೆ ವಿದ್ಯಾಗಿರಿ, ಅದರಾಚೆ ನವನಗರ. ನವನಗರದಲ್ಲಿ ಓಣಿಗಳಿಗೆ ಹೆಸರಿಗಿಂತ ಸಂಖ್ಯೆ ಮುಖ್ಯ. ಮನೆ ಎಲ್ಲಿ ಎಂದು ಕೇಳಿದರೆ ಸೆಕ್ಟರ್ ನಂಬರ್ ಹೇಳುತ್ತಾರೆ. ರಸ್ತೆಗಳು ಅಗಲ, ಮನೆಗಳ ನಡುವೆ ಗಾಳಿ ಬೆಳಕಿಗೆ ಜಾಗವಿದೆ, ಪ್ರತಿ ಸೆಕ್ಟರಿನಲ್ಲೂ ತೆರೆದ ನೆಲ ಬಿಡಲಾಗಿದೆ. ಹೆಚ್ಚಿನವು ಒಂದೆರಡು ಅಂತಸ್ತಿನ ಮನೆಗಳು. ಮೊಣಕಾಲು ನೋವಿನ ವಯಸ್ಸಿನಲ್ಲಿ ಮೆಟ್ಟಿಲಿಲ್ಲದ ಮನೆ ಎಷ್ಟು ದೊಡ್ಡ ಸವಲತ್ತು ಎಂಬುದು ಮಹಾನಗರಗಳ ಅಪಾರ್ಟ್‌ಮೆಂಟ್‌ನಲ್ಲಿ ಇದ್ದು ಬಂದವರಿಗೆ ಗೊತ್ತು.

ಇದೇ ವಿನ್ಯಾಸಕ್ಕೆ ಇನ್ನೊಂದು ಮುಖವೂ ಇದೆ. ಹಳೆ ಊರಿನಲ್ಲಿ ಕಟ್ಟೆಯ ಮೇಲೆ ಕೂತರೆ ಹತ್ತು ಜನ ಮಾತಾಡಿಸಿ ಹೋಗುತ್ತಿದ್ದರು. ಸೆಕ್ಟರಿನ ಅಗಲ ರಸ್ತೆಯಲ್ಲಿ ಆ ಒತ್ತಿಕೊಂಡ ಓಣಿಯ ಬದುಕು ಇಲ್ಲ. ಕಟ್ಟದೆ ಬಿಟ್ಟ ನಿವೇಶನಗಳಲ್ಲಿ ಜಾಲಿಕಂಟಿ ಬೆಳೆಯುತ್ತದೆ. ಒಂಟಿಯಾಗಿರುವ ಹಿರಿಯರಿಗೆ ತುಂಬಿದ ಸೆಕ್ಟರ್ ಯಾವುದು, ಅರೆಬರೆ ತುಂಬಿದ್ದು ಯಾವುದು ಎಂಬುದೇ ಮನೆ ಆರಿಸುವಾಗಿನ ಮೊದಲ ಪ್ರಶ್ನೆಯಾಗಬೇಕು.

ಕಚೇರಿ, ಆಸ್ಪತ್ರೆ, ಕಾಲೇಜು

ನವನಗರದ ದೊಡ್ಡ ಅನುಕೂಲ ಇದು. ಜಿಲ್ಲಾಡಳಿತ ಭವನ, ಜಿಲ್ಲಾ ಪಂಚಾಯಿತಿ, ಕೃಷ್ಣಾ ಮೇಲ್ದಂಡೆ ಯೋಜನೆಯ ಪುನರ್ವಸತಿ ಕಚೇರಿಗಳು ಇಲ್ಲಿಯೇ ಇವೆ. ಖಜಾನೆಯಲ್ಲಿ ಪಿಂಚಣಿಯ ಕೆಲಸ ಇರುವವರಿಗೂ, ಜಮೀನಿನ ಕಾಗದಪತ್ರಕ್ಕೆ ಅಲೆಯುವವರಿಗೂ ಬೇರೆ ಊರಿಗೆ ಹೋಗುವ ಪ್ರಮೇಯವಿಲ್ಲ.

1906ರಲ್ಲಿ ಸ್ಥಾಪನೆಯಾದ ಬಸವೇಶ್ವರ ವಿದ್ಯಾವರ್ಧಕ ಸಂಘದ ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜು ಮತ್ತು ಅದಕ್ಕೆ ಸೇರಿದ ಹಾನಗಲ್ಲ ಶ್ರೀ ಕುಮಾರೇಶ್ವರ ಆಸ್ಪತ್ರೆ ನವನಗರದಲ್ಲಿವೆ. ಇವುಗಳ ಜೊತೆಗೆ ಜಿಲ್ಲಾ ಆಸ್ಪತ್ರೆ ಮತ್ತು ಖಾಸಗಿ ಆಸ್ಪತ್ರೆಗಳಿವೆ. ಇಷ್ಟೇ ಗಾತ್ರದ ಊರುಗಳಲ್ಲಿ ಬೋಧನಾ ಆಸ್ಪತ್ರೆಯೊಂದು ಮನೆಗೆ ಇಷ್ಟು ಹತ್ತಿರ ಸಿಗುವುದು ಅಪರೂಪ. ಆದರೂ ಅತಿ ವಿಶೇಷ ಚಿಕಿತ್ಸೆಗೆ ಜನ ಹುಬ್ಬಳ್ಳಿ, ಬೆಳಗಾವಿ ಅಥವಾ ಸೊಲ್ಲಾಪುರದ ದಾರಿ ಹಿಡಿಯುವುದು ನಿಂತಿಲ್ಲ. ಹುಬ್ಬಳ್ಳಿಗೆ ಸುಮಾರು 120 ಕಿ.ಮೀ. ಎಂದರೆ ಎರಡು ತಾಸಿಗಿಂತ ಹೆಚ್ಚಿನ ಪ್ರಯಾಣ.

ಓದಿನ ವಿಷಯದಲ್ಲಿ ವಿದ್ಯಾಗಿರಿಯ ಬಸವೇಶ್ವರ ಎಂಜಿನಿಯರಿಂಗ್ ಕಾಲೇಜು 1963ರಿಂದ ಇದೆ. 2008ರಲ್ಲಿ ಸ್ಥಾಪನೆಯಾದ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಆವರಣ ನವನಗರದ ಅಂಚಿನ ಉದ್ಯಾನಗಿರಿಯಲ್ಲಿದೆ. ಓದು ಮುಗಿದ ಮೇಲಿನ ಮಾತು ಬೇರೆ. ಸಿಮೆಂಟು, ಸಕ್ಕರೆ, ಸರ್ಕಾರಿ ನೌಕರಿ, ಶಿಕ್ಷಣ ಸಂಸ್ಥೆಗಳನ್ನು ಬಿಟ್ಟರೆ ಯುವಕರಿಗೆ ಉದ್ಯೋಗ ಕಡಿಮೆ. ಓದಿದ ಮಕ್ಕಳು ಬೆಂಗಳೂರು, ಪುಣೆಗೆ ಹೋಗುತ್ತಾರೆ, ತಂದೆ ತಾಯಿ ಇಲ್ಲಿ ಉಳಿಯುತ್ತಾರೆ.

ಬಿಸಿಲು ಮತ್ತು ನೀರು

ಬಾಗಲಕೋಟೆ ಮಳೆ ಕಡಿಮೆಯಿರುವ ಬಯಲುಸೀಮೆ. ಏಪ್ರಿಲ್, ಮೇ ತಿಂಗಳಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವುದು ಸಾಮಾನ್ಯ. ಸುಣ್ಣಕಲ್ಲಿನ ನೆಲ, ಕಾಂಕ್ರೀಟ್ ಮನೆ, ಅಗಲ ಡಾಂಬರು ರಸ್ತೆ ಸೇರಿ ನವನಗರದ ಮಧ್ಯಾಹ್ನವನ್ನು ಇನ್ನಷ್ಟು ಕಾಯಿಸುತ್ತವೆ. ಗಿಡಮರ ದಟ್ಟವಾಗಿರುವ ಸೆಕ್ಟರಿಗೂ ಬೋಳು ಸೆಕ್ಟರಿಗೂ ವ್ಯತ್ಯಾಸ ನಡೆದಾಡಿದರೆ ತಿಳಿಯುತ್ತದೆ. ತಂಪು ಹವೆಯ ಧಾರವಾಡವನ್ನು ನಿವೃತ್ತರು ಮೆಚ್ಚುವ ಕಾರಣಕ್ಕೇ ಹಲವರು ನವನಗರದಿಂದ ಹಿಂಜರಿಯುತ್ತಾರೆ.

ಅತ್ತ ಹಿನ್ನೀರಿನ ಸನ್ನಿಧಿ ಊರಿಗೆ ಒಂದು ವರವೂ ಆಗಿದೆ. ಮಳೆಗಾಲದ ನಂತರ ಜಲಾಶಯ ತುಂಬಿದಾಗ ಹಳೆ ಊರಿನ ಮಗ್ಗುಲಲ್ಲಿ ನದಿ ಕೆರೆಯಂತೆ ಹರಡಿಕೊಳ್ಳುತ್ತದೆ. ನೀರು ಇಳಿದ ಅಂಚುಗಳಿಗೆ ರಾಜಹಂಸಗಳು ವಲಸೆ ಬರುತ್ತವೆ. ಜಿಲ್ಲೆಯ ನದಿ ದಂಡೆಯ ಊರುಗಳು 2009 ಮತ್ತು 2019ರಲ್ಲಿ ಪ್ರವಾಹಕ್ಕೆ ತತ್ತರಿಸಿದ್ದವು. ಎತ್ತರದಲ್ಲಿರುವ ನವನಗರಕ್ಕೆ ಹೊಳೆಯ ಭಯ ಇಲ್ಲ.

ಓಡಾಟ

ರೈಲು ನಿಲ್ದಾಣ ನವನಗರದೊಳಗಿಲ್ಲ, ಹಳೆ ಊರಿನ ಕಡೆಗಿದೆ. ಗದಗ–ಹೋಟಗಿ ಮಾರ್ಗದಲ್ಲಿರುವ ಈ ನಿಲ್ದಾಣದಿಂದ ಹುಬ್ಬಳ್ಳಿ, ವಿಜಯಪುರ, ಸೊಲ್ಲಾಪುರ, ಬೆಂಗಳೂರು, ಮೈಸೂರಿಗೆ ರೈಲುಗಳಿವೆ. ಕುಡಚಿಗೆ ಸೇರಬೇಕಾದ ಹೊಸ ಮಾರ್ಗ ವರ್ಷಗಳಿಂದ ಕುಂಟುತ್ತಾ ಸಾಗಿದೆ. ವಿಮಾನ ಬೇಕಾದರೆ ಹುಬ್ಬಳ್ಳಿ ಅಥವಾ ಬೆಳಗಾವಿಗೆ ಹೋಗಬೇಕು. ದೂರದೂರಿನ ಮಕ್ಕಳು ತುರ್ತಿಗೆ ಬರಬೇಕಾದಾಗ ಈ ದೂರ ಕಾಡುತ್ತದೆ.

ಬಸ್ಸಿನ ವಿಷಯದಲ್ಲಿ ದೂರು ಕಡಿಮೆ. ನವನಗರಕ್ಕೆ ತನ್ನದೇ ಬಸ್ ನಿಲ್ದಾಣವಿದೆ. ಹಳೆ ಊರಿಗೆ ನಗರ ಸಾರಿಗೆ ಬಸ್ಸು, ಆಟೊ, ಟಂಟಂ ಓಡುತ್ತವೆ. 2023ರ ಜೂನ್‌ನಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಡಿ ಮಹಿಳೆಯರಿಗೆ ಟಿಕೆಟ್ ಖರ್ಚೂ ಇಲ್ಲ.

ಪೇಟೆ, ಊಟ, ಹಬ್ಬ

ದಿನಬಳಕೆಯ ಕಾಯಿಪಲ್ಲೆ, ಕಿರಾಣಿ, ಔಷಧ ನವನಗರದಲ್ಲೇ ಸಿಗುತ್ತವೆ. ಆದರೆ ಬಂಗಾರ, ಜವಳಿ, ಸಗಟು ದಿನಸಿಯ ದೊಡ್ಡ ವ್ಯಾಪಾರಕ್ಕೆ ಜನ ಇಂದಿಗೂ ಹಳೆ ಬಾಗಲಕೋಟೆಗೇ ಇಳಿಯುತ್ತಾರೆ. ಮದುವೆಯ ಸಂತಿ ಮಾಡುವವರಿಗೆ ಇದು ಎರಡು ಊರಿನ ಸಂಸಾರ.

ಊಟದ ಖರ್ಚು ಮಹಾನಗರಕ್ಕಿಂತ ಹಗುರ. ಜೋಳದ ರೊಟ್ಟಿ, ಎಣ್ಣೆಗಾಯಿ ಬದನೆ, ಶೇಂಗಾ ಚಟ್ನಿ, ಮೊಸರು ಬಡಿಸುವ ಖಾನಾವಳಿಗಳಿವೆ. ಒಂಟಿ ಹಿರಿಯರು ಮನೆಯಲ್ಲಿ ಒಲೆ ಹಚ್ಚದೆಯೂ ದಿನ ಕಳೆಯಬಹುದು. ಕಲಾದಗಿಯ ದಾಳಿಂಬೆ ಮತ್ತು ಚಿಕ್ಕು, ಅಮೀನಗಡದ ಕರದಂಟು ಹತ್ತಿರದವೇ.

ಸಂಸ್ಕೃತಿಯ ಲೆಕ್ಕದಲ್ಲಿ ನವನಗರ ಎರವಲು ಪಡೆದ ಊರು. ಬಾಗಲಕೋಟೆಯ ಹೆಸರಾಂತ ಹೋಳಿಯ ಹಲಗೆ ಸದ್ದು ಇಂದಿಗೂ ಕಿಲ್ಲಾ, ಹಳಪೇಟೆ, ಹೊಸಪೇಟೆ, ಜೈನಪೇಟೆ, ವೆಂಕಟಪೇಟೆಗಳಿಂದಲೇ ಏಳುತ್ತದೆ. ಬಣ್ಣ ಆಡಲು ನವನಗರದವರೂ ಅಲ್ಲಿಗೇ ಹೋಗುತ್ತಾರೆ. ಸುತ್ತಲಿನ ನೆಲವೇನೋ ಸಿರಿವಂತ: ಬಾದಾಮಿಯ ಗುಹೆಗಳು, ಐಹೊಳೆ, 1987ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಪಟ್ಟದಕಲ್ಲು, ಕೃಷ್ಣಾ ಮಲಪ್ರಭೆಗಳು ಕೂಡುವ ಕೂಡಲಸಂಗಮ ಎಲ್ಲವೂ ಬೆಳಿಗ್ಗೆ ಹೊರಟರೆ ಸಂಜೆಗೆ ನೋಡಿ ಬರುವಷ್ಟು ಹತ್ತಿರ ಇವೆ.

ನಿವೇಶನ ಮತ್ತು ಅಣೆಕಟ್ಟಿನ ಎತ್ತರ

ಇಲ್ಲಿನ ಬಹುಪಾಲು ನಿವೇಶನಗಳು ಮೂಲದಲ್ಲಿ ಸಂತ್ರಸ್ತರಿಗೆ ಹಂಚಿದವು. ಅವು ಕೈ ಬದಲಾಗಿ ಮಾರಾಟಕ್ಕೆ ಬಂದಿರುತ್ತವೆ. ಕೊಳ್ಳುವವರು ಮೂಲ ಹಕ್ಕುಪತ್ರ, ಪ್ರಾಧಿಕಾರದ ದಾಖಲೆಯಲ್ಲಿರುವ ಹೆಸರು, ವಾರಸುದಾರರ ಒಪ್ಪಿಗೆ ಇವನ್ನು ನೋಡಿಯೇ ಮುಂಗಡ ಕೊಡುವುದು ಕ್ಷೇಮ.

ಊರಿನ ಮುಂದಿನ ಬೆಳವಣಿಗೆಯೂ ಆಲಮಟ್ಟಿಯ ಕೈಯಲ್ಲೇ ಇದೆ. ಜಲಾಶಯದ ಮಟ್ಟವನ್ನು 524.256 ಮೀಟರಿಗೆ ಏರಿಸಲು ಎರಡನೇ ಕೃಷ್ಣಾ ನ್ಯಾಯಮಂಡಳಿ 2010ರಲ್ಲಿ ಅವಕಾಶ ಕೊಟ್ಟಿತು. ನೆರೆ ರಾಜ್ಯಗಳ ತಕರಾರು ಮತ್ತು ಸುಪ್ರೀಂ ಕೋರ್ಟಿನ ವ್ಯಾಜ್ಯದಿಂದ ಆ ತೀರ್ಪು ಜಾರಿಯ ಹಂತಕ್ಕೆ ಬರುವುದು ತಡವಾಯಿತು. ಮಟ್ಟ ಏರಿದರೆ ಹಳೆ ಊರಿನ ಇನ್ನಷ್ಟು ಭಾಗ ಮೇಲೆ ಬರಬೇಕಾಗುತ್ತದೆ. ಅದಕ್ಕೆಂದೇ ನವನಗರದ ಮುಂದಿನ ಹಂತಗಳನ್ನು (ಯೂನಿಟ್‌ಗಳನ್ನು) ಯೋಜಿಸಲಾಗಿದೆ. ಆಗ ಪೇಟೆಯೂ ನವನಗರಕ್ಕೆ ಏರಿ ಬರಬಹುದು, ಜೊತೆಗೆ ಗದ್ದಲವೂ. ಅಲ್ಲಿಯವರೆಗೆ ಮನೆ ಇಲ್ಲಿ, ಪೇಟೆ ಅಲ್ಲಿ ಎಂಬ ಸ್ಥಿತಿ ಮುಂದುವರಿಯುತ್ತದೆ.

ಯಾರಿಗೆ ಒಗ್ಗುತ್ತದೆ?

ಬಾಗಲಕೋಟೆ ಜಿಲ್ಲೆಯಲ್ಲಿ ಹೊಲ, ನೆಂಟರು ಇರುವ ನಿವೃತ್ತರಿಗೆ ನವನಗರ ಒಳ್ಳೆಯ ಆಯ್ಕೆ. ಆಸ್ಪತ್ರೆ, ಕಚೇರಿ, ನೆಲಮಟ್ಟದ ಮನೆ ಮೂರೂ ಹತ್ತಿರದಲ್ಲೇ ಸಿಗುತ್ತವೆ. ಬಿಸಿಲು ತಾಳದವರಿಗೆ, ಪದೇ ಪದೇ ವಿಮಾನ ಹಿಡಿಯಬೇಕಾದವರಿಗೆ, ಸಂಗೀತ ನಾಟಕದ ಸಂಜೆ ಬೇಕೆನ್ನುವವರಿಗೆ ಧಾರವಾಡವೇ ಮೇಲು. ತೀರ್ಮಾನ ಮಾಡಲಾಗದವರು ನಿವೇಶನ ಕೊಳ್ಳುವ ಮೊದಲು ಒಂದು ಬಾಡಿಗೆ ಮನೆ ಹಿಡಿದು ಯುಗಾದಿಯಿಂದ ಮೃಗಶಿರಾ ಮಳೆಯವರೆಗೆ ಇದ್ದು ನೋಡಬೇಕು. ಆ ಎರಡೂವರೆ ತಿಂಗಳು ಒಗ್ಗಿದರೆ ಉಳಿದ ವರ್ಷ ನವನಗರ ಕಷ್ಟ ಕೊಡುವ ಊರಲ್ಲ.