ಗವಿಮಠಕ್ಕೆ ಹೊರಟ ರೊಟ್ಟಿ

ಎಳ್ಳಮಾಸಿಗೆ ಹೊಲದಲ್ಲಿ ಚರಗ ಚೆಲ್ಲಿ ಬಂದ ನಾಲ್ಕಾರು ದಿನಕ್ಕೆ ಯಲಬುರ್ಗಾ ಸೀಮೆಯ ಊರುಗಳಲ್ಲಿ ಸಂಜೆಯ ಸದ್ದು ಬದಲಾಗುತ್ತದೆ. ಟಿವಿ ಧಾರಾವಾಹಿಯ ಅಳು ಹಿಂದೆ ಸರಿದು ರೊಟ್ಟಿ ಬಡಿಯುವ ಪಟಪಟ ಮುಂದೆ ಬರುತ್ತದೆ. ಒಂದು ಮನೆಯಿಂದಲ್ಲ, ಇಡೀ ಓಣಿಯಿಂದ. ಹೊಸದಾಗಿ ಬಂದವರು ಯಾರದೋ ಮದುವೆ ಅಂದುಕೊಳ್ಳಬೇಕು. ಮದುವೆಯಲ್ಲ, ಅಜ್ಜಾರ ಜಾತ್ರೆ.

ನಮ್ಮ ಚಿಕ್ಕವ್ವನ ಪಡಸಾಲೆಯಲ್ಲಿ ಆರು ಜನ ಹೆಂಗಸರು ಸಾಲಾಗಿ ಕೂತಿದ್ದರು. ಇಬ್ಬರು ಹಿಟ್ಟು ನಾದಲು, ಮೂವರು ಬಡಿಯಲು, ಒಬ್ಬಾಕೆ ಒಲೆ ಮುಂದೆ. ಗೋಧಿಯಲ್ಲಿರುವ ಅಂಟು ಜೋಳದಲ್ಲಿ ಇಲ್ಲ. ಅದಕ್ಕೇ ಎಸರು ಕುದಿಸಿ, ಆ ಬಿಸಿನೀರನ್ನೇ ಹಿಟ್ಟಿಗೆ ಹೊಯ್ದು ಜಿಗಿ ಬರಿಸಬೇಕು. ನಾದುವವಳ ಅಂಗೈ ಕೆಂಪಾಗಿರುತ್ತದೆ. ಉಂಡೆಯನ್ನು ಒಣ ಹಿಟ್ಟಿನ ಮೇಲಿಟ್ಟು ಬಡಿಯತೊಡಗಿದರೆ ಅದು ತಾನೇ ತಿರುಗುತ್ತಾ ಅಗಲವಾಗುತ್ತದೆ. ತಿರುಗಿಸುವ ಬೆರಳು ನೋಡುವವರ ಕಣ್ಣಿಗೆ ಬೀಳುವುದಿಲ್ಲ. ಹಂಚಿಗೆ ಹಾಕಿ, ಒದ್ದೆ ಅರಿವೆಯಿಂದ ಮೇಲೆ ನೀರು ಸವರಿ, ಮಗುಚಿ, ಉಬ್ಬಿದ ಮೇಲೆ ತೆಗೆದು ಒಲೆಯ ಬದಿಗೆ ಆನಿಸಿ ನಿಲ್ಲಿಸುತ್ತಾರೆ. ಅಲ್ಲಿ ಉಳಿದ ಹಸಿಯೆಲ್ಲ ಆರಿ ಅದು ಖಡಕ್ ರೊಟ್ಟಿಯಾಗುತ್ತದೆ. ಬೆರಳಿಂದ ಬಾರಿಸಿದರೆ ಸದ್ದು ಬರಬೇಕು. ಬರದಿದ್ದರೆ ಚಿಕ್ಕವ್ವ ಅದನ್ನು ಬೇರೆ ಇಡುತ್ತಾಳೆ: "ಇದು ಮನಿಗಿರ್ಲಿ, ಮಠಕ್ಕ ಬ್ಯಾಡ."

ನೀರಿನ ಪಸೆ ಹೋದ ರೊಟ್ಟಿ ತಿಂಗಳುಗಟ್ಟಲೆ ಕೆಡುವುದಿಲ್ಲ. ಕೊಪ್ಪಳದ ಗವಿಮಠದ ಮಹಾದಾಸೋಹ ನಿಂತಿರುವುದೇ ಈ ಒಂದು ಗುಣದ ಮೇಲೆ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ. ಅನ್ನವಾದರೆ ಅವತ್ತಿಂದು ಅವತ್ತಿಗೆ. ಚಪಾತಿಯಾದರೆ ಮರುದಿನಕ್ಕೆ ಬೂಸಲು. ಖಡಕ್ ರೊಟ್ಟಿಯಾದ್ದರಿಂದ ಐವತ್ತು ಅರವತ್ತು ಕಿಲೋಮೀಟರ್ ದೂರದ ಊರಿನವರೂ ಹದಿನೈದು ದಿನ ಮೊದಲೇ ಬಡಿದು, ಬಟ್ಟೆಯಲ್ಲಿ ಸುತ್ತಿ, ತಮ್ಮ ಅನುಕೂಲ ನೋಡಿಕೊಂಡು ತಂದು ಮುಟ್ಟಿಸಬಹುದು. ಯಾವ ದೊಡ್ಡ ಅಡುಗೆಮನೆಯೂ ಲಕ್ಷಗಟ್ಟಲೆ ರೊಟ್ಟಿ ಸುಡಲಾರದು. ಇಲ್ಲಿ ಅಡುಗೆಮನೆ ನೂರಾರು ಊರುಗಳಲ್ಲಿ ಹರಡಿಕೊಂಡಿದೆ, ಊಟ ಮಾತ್ರ ಒಂದೇ ಕಡೆ.

ಜಾತ್ರೆಯ ತಿಥಿಯೂ ರೈತನ ಕೈಬಿಡುವು ನೋಡಿಯೇ ಇಟ್ಟಂತಿದೆ. ಬನದ ಹುಣ್ಣಿಮೆ ಕಳೆದು ಎರಡನೆಯ ದಿನ, ಪುಷ್ಯ ಬಹುಳ ಬಿದಿಗೆಗೆ ಗವಿಸಿದ್ಧೇಶ್ವರರ ಮಹಾರಥ ಎಳೆಯುತ್ತಾರೆ. 2024ರಲ್ಲಿ ಅದು ಜನವರಿ 27ಕ್ಕೆ ಬಿತ್ತು, 2025ರಲ್ಲಿ ಜನವರಿ 15ಕ್ಕೆ. ಆ ಹೊತ್ತಿಗೆ ಮುಂಗಾರಿ ಫಸಲು ಮನೆ ಸೇರಿರುತ್ತದೆ. ಹಿಂಗಾರಿ ಬಿಳಿಜೋಳ ಇನ್ನೂ ಹೊಲದಲ್ಲೇ, ಸೀತನಿ ಸುಟ್ಟು ತಿನ್ನುವ ಹದದಲ್ಲಿ ನಿಂತಿರುತ್ತದೆ. ಕೈ ಖಾಲಿ, ಕಣಜದಲ್ಲಿ ಕಾಳಿದೆ, ಮುಂದಿನ ಬೆಳೆಯ ಮೇಲೆ ಆಸೆ ಇದೆ. ರಾಶಿಯ ದಿನಗಳಲ್ಲಿ ಈ ಜಾತ್ರೆ ಇಟ್ಟಿದ್ದರೆ ರೊಟ್ಟಿ ಬಡಿಯಲು ಯಾರ ಮನೆಯಲ್ಲಿ ಪುರಸೊತ್ತು ಇರುತ್ತಿತ್ತು?

ಊರಿನ ರೊಟ್ಟಿ ಮನೆಮನೆಯಿಂದ ಗುಡಿಯ ಕಟ್ಟೆಗೆ ಬರುತ್ತದೆ. ಬುಟ್ಟಿಗೆ ಎಷ್ಟು ಎಂದು ಎಣಿಸುವ ಪದ್ಧತಿ ಇದೆ. ಯಾರ ಮನೆಯದು ಎಷ್ಟು ಎಂದು ಬರೆದಿಡುವ ಪದ್ಧತಿ ಇಲ್ಲ. ಅದರ ಜತೆಗೆ ಜೋಳದ ಚೀಲ, ಬದನೆಕಾಯಿ, ಕುಂಬಳಕಾಯಿ, ಕಟ್ಟಿಗೆ, ಮಾದಲಿಯ ಡಬ್ಬಿ. ಮೊದಲು ಚಕ್ಕಡಿ ಹೂಡುತ್ತಿದ್ದರು, ಈಗಲೂ ಕೆಲವರು ಎತ್ತಿನ ಕೋಡಿಗೆ ಬಣ್ಣ ಬಳಿದು ಚಕ್ಕಡಿಯಲ್ಲೇ ಬರುತ್ತಾರೆ. ಉಳಿದಂತೆ ಟ್ರ್ಯಾಕ್ಟರ್. ಮುಂದೆ ಡೊಳ್ಳಿನವರು, ಹಿಂದೆ ಭಜನೆಯವರು, ನಡುವೆ ಟ್ರೇಲಿಯಲ್ಲಿ ರೊಟ್ಟಿಯ ಚೀಲ ಮುರಿಯದ ಹಾಗೆ ಹಿಡಿದುಕೊಂಡು ಕೂತ ಅವ್ವಂದಿರು. ರೊಟ್ಟಿಗೆ ಇಷ್ಟು ಮೆರವಣಿಗೆ ಬೇರೆ ಎಲ್ಲಿಯಾದರೂ ಸಿಗುತ್ತದೆಯೋ ಇಲ್ಲವೋ.

ಮಠ ಇರುವುದು ಕೊಪ್ಪಳದ ಅಂಚಿನ ಬಂಡೆಗುಡ್ಡದ ಮೇಲೆ. ಗವಿ ಎನ್ನುವುದು ಬರೀ ಹೆಸರಲ್ಲ, ಬಂಡೆಯ ಕೆಳಗಿನ ಗವಿಯೇ ಮಠದ ಹೊಟ್ಟೆ. ಹನ್ನೊಂದನೆಯ ಪೀಠಾಧಿಪತಿ ಗವಿಸಿದ್ಧೇಶ್ವರರ ಹೆಸರಿನಲ್ಲೇ ಈ ಜಾತ್ರೆ. ಈಗಿನ ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿ ಹದಿನೆಂಟನೆಯವರು. ಊರವರ ಬಾಯಲ್ಲಿ ಅವರು ಅಜ್ಜಾರು, ಅಷ್ಟೇ. ಮಠಕ್ಕೂ ಬಹಳ ಮೊದಲೇ ಈ ಗುಡ್ಡಕ್ಕೆ ಬೆಲೆ ಇತ್ತು. ಇಲ್ಲಿನ ಒಂದು ಬಂಡೆಯ ಮೇಲೆ, ಮತ್ತು ಹತ್ತಿರದ ಪಾಲ್ಕಿಗುಂಡಿನಲ್ಲಿ, ಅಶೋಕನ ಶಾಸನಗಳಿವೆ. ಎರಡೂ ಬೆಳಕಿಗೆ ಬಂದದ್ದು 1931ರಲ್ಲಿ, ಕೊಪ್ಪಳ ನಿಜಾಮರ ಹೈದರಾಬಾದ್ ಸಂಸ್ಥಾನದೊಳಗೆ ಸಾಲಾರ್ ಜಂಗ್ ಜಹಗೀರಾಗಿದ್ದ ಕಾಲದಲ್ಲಿ. ಬ್ರಾಹ್ಮಿ ಅಕ್ಷರ, ಪ್ರಾಕೃತ ಭಾಷೆ, ಕ್ರಿಸ್ತಪೂರ್ವ ಮೂರನೆಯ ಶತಮಾನ. ಅವುಗಳಲ್ಲಿರುವ ಮಾತಿನ ಸಾರ ಇಷ್ಟು: ಪ್ರಯತ್ನದ ಫಲ ದೊಡ್ಡವರಿಗಷ್ಟೇ ಸಿಗುವಂಥದ್ದಲ್ಲ, ಮನಸ್ಸಿಟ್ಟು ದುಡಿದರೆ ಸಣ್ಣವನೂ ಸ್ವರ್ಗ ಮುಟ್ಟಬಹುದು. ಜಾತ್ರೆಗೆ ಬಂದವರಲ್ಲಿ ನೂರಕ್ಕೆ ಒಬ್ಬರೂ ಆ ಬಂಡೆ ಹತ್ತುವುದಿಲ್ಲ. ಹತ್ತಬೇಕೆಂದು ನಾನೂ ಹೇಳುವುದಿಲ್ಲ, ಬಿಸಿಲು ಹಾಗಿರುತ್ತದೆ.

ದಾಸೋಹದ ಜಾಗಕ್ಕೆ ಮೊದಲ ಸಲ ಹೋದವರು ಊಟಕ್ಕಿಂತ ಮುಂಚೆ ರೊಟ್ಟಿಯ ಒಟ್ಟಿಲನ್ನು ನೋಡಿ ನಿಲ್ಲುತ್ತಾರೆ. ನಮ್ಮ ಕಡೆ ಹೊಟ್ಟು ಮೇವು ಒಟ್ಟಿದ್ದಕ್ಕೆ ಬಣವಿ ಅನ್ನುತ್ತೇವೆ. ಇಲ್ಲಿರುವುದು ರೊಟ್ಟಿಯ ಬಣವಿ. ಆಳೆತ್ತರಕ್ಕೂ ಮೀರಿದ್ದು. ಹತ್ತಿರ ಹೋಗಿ ನೋಡಿದರೆ ಒಂದರಂತೆ ಒಂದಿಲ್ಲ. ಒಂದು ಹಪ್ಪಳದಷ್ಟು ತೆಳ್ಳಗೆ, ಒಂದು ಅಂಚಿನಲ್ಲಿ ದಪ್ಪ, ಒಂದರ ಮೇಲೆ ಎಳ್ಳು, ಇನ್ನೊಂದು ಸಜ್ಜೆಯದು, ಬಣ್ಣ ಕಪ್ಪು. ಕುಷ್ಟಗಿಯ ಹೆಣ್ಣುಮಗಳ ಕೈ ಯಾವುದು, ಕೊಪ್ಪಳದಾಕೆಯ ಕೈ ಯಾವುದು ಎಂದು ಗುರುತಿಸುವ ಹಿರಿಯರಿದ್ದಾರಂತೆ. ನನಗೆ ಆ ವಿದ್ಯೆ ಇಲ್ಲ.

ಒಳಗೆ ಕೊಪ್ಪರಿಗೆಗಳಲ್ಲಿ ಪಲ್ಯ ಕುದಿಯುತ್ತಿರುತ್ತದೆ. ಕಾಳು ಪಲ್ಯ ಒಂದು ಹೊತ್ತು, ಬದನೆಕಾಯಿ ಒಂದು ಹೊತ್ತು. ಹೆಚ್ಚುವವರು, ತಿರುವುವವರು, ಬಡಿಸುವವರು, ತಟ್ಟೆ ತೊಳೆಯುವವರು, ಯಾರಿಗೂ ಸಂಬಳವಿಲ್ಲ. ಇವತ್ತು ಒಂದು ಊರಿನ ಪಾಳಿ, ನಾಳೆ ಮತ್ತೊಂದರದು. ಮುಂಜಾನೆ ತಟ್ಟೆ ಹಿಡಿದು ಸಾಲಿನಲ್ಲಿ ನಿಂತವನೇ ಮಧ್ಯಾಹ್ನ ಸೌಟು ಹಿಡಿದಿರುತ್ತಾನೆ. ಜಾತಿ ಕೇಳುವುದಿಲ್ಲ, ಊರು ಕೇಳುತ್ತಾರೆ, ಅದೂ ಮಾತಿಗೆ.

ತಟ್ಟೆಗೆ ಬಿದ್ದದ್ದನ್ನು ಒಂದು ಕ್ಷಣ ನೋಡಿ ಉಣ್ಣಬೇಕು. ರೊಟ್ಟಿ ಯಲಬುರ್ಗಾ, ಕುಷ್ಟಗಿಯ ಮಳೆ ನಂಬಿದ ಎರೆಹೊಲ, ಮಸಾರಿ ಹೊಲದ್ದು. ಶೇಂಗಾ ಚಟ್ನಿಯೂ ಅಲ್ಲಿಯದೇ. ಅನ್ನ ಗಂಗಾವತಿ, ಕಾರಟಗಿಯದು. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದು ಎಡದಂಡೆ ಕಾಲುವೆಯಲ್ಲಿ ನೀರು ಬಂದ ಮೇಲೆ ಭತ್ತದ ಕಣಜವಾದ ನೆಲ. ಒಂದೇ ಜಿಲ್ಲೆಯಾದರೂ ಇವು ಎರಡು ಲೋಕ. ಒಂದು ಕಡೆ ಕಾಲುವೆಯ ನೀರಿಗೆ ಜಗಳ, ಇನ್ನೊಂದು ಕಡೆ ಕುಡಿಯುವ ನೀರಿಗೇ ಟ್ಯಾಂಕರ್ ಕಾಯುವ ಬೇಸಿಗೆ. 1997ರಲ್ಲಿ ರಾಯಚೂರಿನಿಂದ ಬೇರೆಯಾಗಿ ಕೊಪ್ಪಳ ಜಿಲ್ಲೆ ಆಯಿತು ಎಂದು ಸರ್ಕಾರಿ ಕಾಗದ ಹೇಳುತ್ತದೆ. ಹಸಿ ನೆಲ, ಒಣ ನೆಲ ಎರಡೂ ಒಟ್ಟಿಗೆ ಕೂತದ್ದನ್ನು ನಾನು ಕಂಡದ್ದು ಈ ತಟ್ಟೆಯಲ್ಲೇ. ಬರಗಾಲದ ವರ್ಷವೂ ರೊಟ್ಟಿ ಬಂದೇ ಬರುತ್ತದೆ; ಬುಟ್ಟಿ ಸ್ವಲ್ಪ ಸಣ್ಣದಿರಬಹುದು.

ಕೊಡುವುದಕ್ಕೆ ಬೇರೆ ರೀತಿಗಳೂ ಇವೆ. ಯುರೋಪಿನ ಹಳೆಯ ಊರುಗಳಲ್ಲಿ ಮೇಯರ್ ಹೆಸರಿನ ಚಾರಿಟಿ ಬಾಲ್ ಎಂಬ ಸಂಪ್ರದಾಯವಿದೆ. ದೊಡ್ಡ ಹಾಲಿನಲ್ಲಿ ಊರಿನ ಗಣ್ಯರು ಟಿಕೆಟ್ ಕೊಂಡು, ಸೂಟು ಗೌನು ತೊಟ್ಟು, ಉಂಡು ಕುಣಿದು, ಸೇರಿದ ಹಣವನ್ನು ಆಸ್ಪತ್ರೆಗೋ ಅನಾಥರಿಗೋ ಕೊಡುತ್ತಾರೆ. ಒಳ್ಳೆಯ ಕೆಲಸವೇ. ನಮ್ಮ ಕಡೆ ಇದಕ್ಕೆ ಮೊದಲ ತೊಡಕೆಂದರೆ ಮೇಯರೇ ಇಲ್ಲ. ಕೊಪ್ಪಳ, ಗಂಗಾವತಿಯದು ನಗರಸಭೆ, ಕುಷ್ಟಗಿಯದು ಪುರಸಭೆ, ಯಲಬುರ್ಗಾದ್ದು ಪಟ್ಟಣ ಪಂಚಾಯ್ತಿ. ಮೇಯರ್ ಸಾಹೇಬರು ಬೇಕಾದರೆ ಬಳ್ಳಾರಿಗೆ ಬಸ್ಸು ಹತ್ತಬೇಕು. ಎರಡನೆಯದು, ಅಲ್ಲಿ ಉಣ್ಣುವವರು ಒಬ್ಬರು, ಉಪಕಾರ ಪಡೆಯುವವರು ಮತ್ತೊಬ್ಬರು. ಇಬ್ಬರೂ ಒಂದೇ ಕೋಣೆಯಲ್ಲಿ ಎದುರಾಗುವುದಿಲ್ಲ. ಗವಿಮಠದಲ್ಲಿ ಕೊಟ್ಟವಳೇ ಉಣ್ಣಲೂ ಕೂರುತ್ತಾಳೆ, ತನ್ನ ರೊಟ್ಟಿ ಯಾರ ತಟ್ಟೆಗೆ ಹೋಯಿತು ಎಂಬುದು ಅವಳಿಗೆ ತಿಳಿಯದು. ಹನ್ನೆರಡನೆಯ ಶತಮಾನದ ಶರಣರು ದಾನ ಎಂಬ ಮಾತನ್ನು ಬಿಟ್ಟು ದಾಸೋಹ ಎಂದದ್ದರ ಅರ್ಥ ನನಗೆ ಪುಸ್ತಕದಲ್ಲಿ ಓದಿದಾಗ ಅರ್ಧ ತಿಳಿದಿತ್ತು. ಉಳಿದರ್ಧ ಈ ಪಂಕ್ತಿಯಲ್ಲಿ ಕೂತ ಮೇಲೆ.

ರಥೋತ್ಸವದ ಬಗ್ಗೆ ಹೆಚ್ಚು ಬರೆಯುವುದಿಲ್ಲ, ಅದನ್ನು ಟಿವಿಯವರು ತೋರಿಸುತ್ತಾರೆ. ಬಸವಪಟ ಏರಿಸುವುದು, ತೆಪ್ಪೋತ್ಸವ, ಹಿಂದಿನ ದಿನದ ಲಘುರಥ, ಆಮೇಲೆ ಇಳಿಹೊತ್ತಿಗೆ ಮಹಾರಥ. ಉತ್ತತ್ತಿ ಬಾಳೆಹಣ್ಣು ಗಾಳಿಯಲ್ಲಿ ಹಾರುತ್ತವೆ, ಲಕ್ಷಗಟ್ಟಲೆ ಜನ ಒಂದೇ ಉಸಿರಿಗೆ ಕೂಗುತ್ತಾರೆ. ದಕ್ಷಿಣದ ಕುಂಭಮೇಳ ಎಂದು ಪತ್ರಿಕೆಗಳು ಹೆಸರಿಟ್ಟಿವೆ. ಆ ಹೆಸರು ನನಗೆ ಅಷ್ಟಾಗಿ ಹಿಡಿಸುವುದಿಲ್ಲ. ಕುಂಭಮೇಳಕ್ಕೆ ಜನ ಮುಳುಗಲು ಹೋಗುತ್ತಾರೆ, ಇಲ್ಲಿಗೆ ಉಣ್ಣಲು ಮತ್ತು ಉಣಿಸಲು ಬರುತ್ತಾರೆ.

ಇನ್ನೊಂದು ತಕರಾರೂ ಇದೆ. ಇತ್ತೀಚೆಗೆ ಸುದ್ದಿಯೆಲ್ಲ ಅಂಕಿಯ ಸುತ್ತ ತಿರುಗುತ್ತಿದೆ. ಒಂದು ದಿನ ಮಿರ್ಚಿ ಕರಿಯುತ್ತಾರೆ, ಸಾಲುಸಾಲು ಬಾಣಲೆ, ಲಕ್ಷಗಟ್ಟಲೆ ಮಿರ್ಚಿ, 2025ರಲ್ಲಿ ಜಿಲೇಬಿ. ಭಕ್ತ ಬಳಗಗಳು ಹುರುಪಿನಿಂದ ಮಾಡಿಸುತ್ತವೆ, ತಿಂದವರು ಖುಷಿಪಡುತ್ತಾರೆ, ನಾನೂ ಎರಡು ಮಿರ್ಚಿ ಜಾಸ್ತಿಯೇ ತಿಂದವನು. ಆದರೆ ಎಷ್ಟು ಕ್ವಿಂಟಲ್ ಕಡಲೆಹಿಟ್ಟು, ಎಷ್ಟು ಡಬ್ಬಿ ಎಣ್ಣೆ ಎಂಬ ಲೆಕ್ಕದ ಗದ್ದಲದಲ್ಲಿ, ಒಂದು ಬುಟ್ಟಿ ರೊಟ್ಟಿ ತಲೆಯ ಮೇಲಿಟ್ಟುಕೊಂಡು ಬಂದ ಮುದುಕಿಯ ಫೋಟೊ ಒಳಪುಟಕ್ಕೆ ಹೋಗುತ್ತದೆ.

ರಥ ನಿಂತ ಮೇಲೂ ಒಲೆ ಆರುವುದಿಲ್ಲ. ಅವರಾತ್ರಿ ಅಮಾವಾಸ್ಯೆಯವರೆಗೆ ಮಹಾದಾಸೋಹ ನಡೆಯುತ್ತದೆ. ವರ್ಷದ ಉಳಿದ ದಿನಗಳಲ್ಲಿ ಅದೇ ಅಡುಗೆಮನೆ ಮಠದಲ್ಲಿದ್ದು ಓದುವ ಮಕ್ಕಳಿಗಾಗಿ ಹೊಗೆಯಾಡುತ್ತದೆ. 2022ರ ಜೂನ್‌ನಲ್ಲಿ, ಐದು ಸಾವಿರ ವಿದ್ಯಾರ್ಥಿಗಳಿಗಾಗಿ ಹಾಸ್ಟೆಲ್ ಕಟ್ಟಲು ಅಡಿಗಲ್ಲು ಇಟ್ಟ ಸಭೆಯಲ್ಲಿ ಸ್ವಾಮೀಜಿ ಮಾತಾಡುತ್ತ ಮಾತಾಡುತ್ತ ಅತ್ತುಬಿಟ್ಟರು. ಬಡವರ ಮಕ್ಕಳು ಜಾಗ ಕೇಳಿ ಬಂದಾಗ ಇಲ್ಲ ಎಂದು ಕಳಿಸಬೇಕಾದ ಸಂಕಟ ಅದು. ಆ ವಿಡಿಯೊ ಮೊಬೈಲಿನಿಂದ ಮೊಬೈಲಿಗೆ ಹೋಯಿತು. ಮರುದಿನದಿಂದಲೇ ಕೂಲಿಯವರು, ಮಾಸ್ತರರು ಕೈಲಾದಷ್ಟು ಹಿಡಿದುಕೊಂಡು ಬಂದರು. ಅದಕ್ಕೂ ಮೊದಲು 2019ರಲ್ಲಿ ಹೂಳು ತುಂಬಿ ಜಾಲಿ ಬೆಳೆದ ಹಿರೇಹಳ್ಳವನ್ನು ಇಪ್ಪತ್ತು ಕಿಲೋಮೀಟರಿಗೂ ಹೆಚ್ಚು ಉದ್ದಕ್ಕೆ ಜನರನ್ನು ಕಟ್ಟಿಕೊಂಡು ಸ್ವಚ್ಛ ಮಾಡಿಸಿದ್ದೂ ಇದೇ ಮಠ. ಸ್ವಾಮೀಜಿ ತಾವೇ ಹಳ್ಳಕ್ಕೆ ಇಳಿದಿದ್ದರು. ಜಾತ್ರೆಗೆ ಮುನ್ನ ಪ್ರತಿವರ್ಷ ಒಂದು ವಿಷಯ ಹಿಡಿದು ಜಾಗೃತಿ ನಡಿಗೆ ಮಾಡುವುದೂ ರೂಢಿ. 2019ರಲ್ಲಿ ನೇತ್ರದಾನ, ಮರುವರ್ಷ ಗಿಡ ನೆಡುವುದು, 2025ರಲ್ಲಿ ವಿಕಲಚೇತನರ ಬದುಕು. ಕೋವಿಡ್ ಕಾಲದಲ್ಲಿ ನೂರು ಹಾಸಿಗೆಯ ಆಸ್ಪತ್ರೆಯನ್ನೂ ತೆರೆದರು. ಇವುಗಳಿಗೆಲ್ಲ ಬೇಕಾದ ಜನ ಎಲ್ಲಿಂದ ಬಂದರು ಎಂದು ಕೇಳಿದವರಿಗೆ ಉತ್ತರ ದಾಸೋಹದ ಮನೆಯಲ್ಲಿದೆ. ವರ್ಷಕ್ಕೊಮ್ಮೆ ಪಾಳಿ ಹಚ್ಚಿಕೊಂಡು ಬಡಿಸಿ ಗೊತ್ತಿದ್ದ ಊರುಗಳಿಗೆ ಹಳ್ಳಕ್ಕೆ ಗುದ್ದಲಿ ತನ್ನಿ ಎನ್ನುವುದು ಹೊಸ ಮಾತಾಗುವುದಿಲ್ಲ.

ಹೋಗಬೇಕೆನ್ನುವವರಿಗೆ ಒಂದು ಮಾತು. ರಥದ ದಿನ ಬೇಡ, ಕಾಲಿಡಲು ಜಾಗ ಇರುವುದಿಲ್ಲ. ಎರಡು ಮೂರು ದಿನ ಬಿಟ್ಟು, ಮಧ್ಯಾಹ್ನ ಹನ್ನೆರಡರ ಸುಮಾರಿಗೆ ಹೋಗಿ. ಖಡಕ್ ರೊಟ್ಟಿ ತಿಂದು ರೂಢಿಯಿಲ್ಲದವರು ಅದನ್ನು ಮೊದಲು ಪಲ್ಯದ ರಸದಲ್ಲಿ ನೆನೆಸಿಕೊಳ್ಳಿ, ಇಲ್ಲದಿದ್ದರೆ ಒಸಡಿಗೆ ಚುಚ್ಚುತ್ತದೆ. ಮಾದಲಿಗೆ ಹಾಲು ತುಪ್ಪ ಹಾಕಲು ಬಂದಾಗ ಸಂಕೋಚ ಬೇಡ. ತಟ್ಟೆಯಲ್ಲಿ ಏನನ್ನೂ ಬಿಡಬೇಡಿ, ಬಿಟ್ಟರೆ ಪಕ್ಕದಲ್ಲಿ ಕೂತ ಅಜ್ಜಿ ಬಿಡುವುದಿಲ್ಲ.

ಕಳೆದ ಸಲ ನನ್ನ ತಟ್ಟೆಗೆ ಬಿದ್ದ ರೊಟ್ಟಿಯ ಒಂದು ಅಂಚು ಕಪ್ಪಗೆ ಹೊತ್ತಿತ್ತು. ಊರಿಗೆ ಹೋದಾಗ ಚಿಕ್ಕವ್ವನಿಗೆ ಹೇಳಿದೆ, ನಿನ್ನ ಕೈಯಿನ ರೊಟ್ಟಿಯೇ ಸಿಕ್ಕಿತ್ತು ಅನ್ಸುತ್ತೆ ಚಿಕ್ಕವ್ವಾ, ಅಂಚು ಹೊತ್ತಿತ್ತು ಎಂದು. ಅವಳು ಮರದಲ್ಲಿ ಜೋಳ ಹಸನು ಮಾಡುತ್ತಿದ್ದಳು, ತಲೆ ಎತ್ತಲಿಲ್ಲ.

"ಅದು ನಂದಲ್ಲ ಬಿಡಪಾ. ನಾ ಹೊತ್ತಸಾಂಗಿಲ್ಲ."

ಸ್ವಲ್ಪ ಹೊತ್ತು ಬಿಟ್ಟು ಕೇಳಿದಳು: "ಪೂರಾ ತಿಂದ್ಯೋ ಇಲ್ಲೋ?"