ಬಿಲ್ ಕೊಡೋದು ಯಾರು? ಸ್ಪ್ಯಾನಿಷ್‌ನಲ್ಲಿ ಒತ್ತು ಹೇಳುತ್ತೆ!

ಕನ್ನಡದಲ್ಲಿ ‘ಕೊಡ್ತೀನಿ’ ಅಂದ್ರೆ ಸಾಕು, ‘ನಾನು’ ಅಂತ ಬೇರೆ ಹೇಳಬೇಕಿಲ್ಲ. ಕ್ರಿಯಾಪದದ ಬಾಲವೇ ಅದನ್ನು ಹೇಳುತ್ತೆ. ಸ್ಪ್ಯಾನಿಷ್ ಕೂಡ ಹಾಗೇ. ‘ಪಾಗೊ’ ಅಂದರೆ ‘ಹಣ ಕೊಡ್ತೀನಿ’. ಆದರೆ ಒತ್ತನ್ನು ಕೊನೆಗೆ ತಳ್ಳಿ ‘ಪಗೋ’ ಅಂದರೆ ‘ಅವನು (ಅಥವಾ ಅವಳು) ಹಣ ಕೊಟ್ಟಾಯ್ತು’! ಒತ್ತು ತಪ್ಪಿದರೆ ಬಿಲ್ ಪಕ್ಕದವರ ತಲೆಗೆ.

ಇಲ್ಲಿ ಒತ್ತು ಅಂದರೆ ಒತ್ತಕ್ಷರ ಅಲ್ಲ. ಪದದ ಒಂದು ತುಂಡನ್ನು ಉಳಿದವಕ್ಕಿಂತ ಜೋರಾಗಿ ಹೇಳೋದು. ಕನ್ನಡದಲ್ಲಿ ಇದರಿಂದ ಅರ್ಥ ಬದಲಾಗಲ್ಲ, ಅದಕ್ಕೇ ನಮ್ಮ ಕಿವಿಗೆ ಇದು ಬೇಗ ಸಿಗಲ್ಲ.

ನಿಯಮ ಮಾತ್ರ ಸರಳವಾದ ಇಫ್-ಎಲ್ಸ್. ಮೊದಲು ಪದವನ್ನು ತುಂಡು ಮಾಡಿ. ಪದದ ಕೊನೆಯಲ್ಲಿ ಸ್ವರ, ‘ನ್’ ಅಥವಾ ‘ಸ್’ ಇದ್ದರೆ ಒತ್ತು ಕೊನೆಯಿಂದ ಎರಡನೇ ತುಂಡಿಗೆ: ಪಾ-ಗೊ, ಪಾ-ಗನ್ (ಅವರು ಹಣ ಕೊಡ್ತಾರೆ). ಬೇರೆ ವ್ಯಂಜನ ಇದ್ದರೆ ಕೊನೆಯ ತುಂಡಿಗೆ: ಪ-ಗಾರ್ (ಹಣ ಕೊಡುವುದು). ಈ ನಿಯಮ ಮೀರಿದ ಕಡೆ ಸ್ವರದ ಮೇಲೆ ಒಂದು ಓರೆ ಗೆರೆ ಬೀಳುತ್ತೆ. ‘ಪಗೋ’ ಬರೆಯುವಾಗ ಕೊನೆಯ ಸ್ವರದ ಮೇಲೆ ಗೆರೆ ಇರೋದು ಅದಕ್ಕೇ.

ಪದಗಳು ಅಂಟಿಕೊಂಡಾಗ ಇನ್ನೂ ಮಜಾ. ದಾ (ಕೊಡು) + ಮೆ (ನನಗೆ) + ಲೊ (ಅದನ್ನು) ಸೇರಿ ‘ದಾಮೆಲೊ’. ನಿಯಮದಂತೆ ಒತ್ತು ‘ಮೆ’ ಮೇಲೆ ಬರಬೇಕಿತ್ತು. ಆದರೆ ಅದು ಮೂಲ ಕ್ರಿಯಾಪದ ‘ದಾ’ ಬಿಟ್ಟು ಕದಲಲ್ಲ. ಹಾಗಾಗಿ ಒಂಟಿಯಾಗಿದ್ದಾಗ ಇಲ್ಲದ ಗೆರೆ ಈಗ ‘ದಾ’ ಮೇಲೆ ಬರುತ್ತೆ.

ಆ ಪುಟ್ಟ ಗೆರೆಯನ್ನು ಅಲಂಕಾರ ಅಂದುಕೊಂಡು ಬಿಟ್ಟುಬಿಡಬೇಡಿ. ಯಾರು, ಯಾವಾಗ ಅನ್ನೋದು ಕೆಲವೊಮ್ಮೆ ಅದರಲ್ಲೇ ಇರುತ್ತೆ.