ನಾಡಿನಿಂದ ಹೋಬಳಿಗೆ: ಅರಸೀಕೆರೆ-ಬೇಲೂರು ಪ್ರದೇಶದ ಸ್ಥಳೀಯ ಆಡಳಿತ

ಹೊಯ್ಸಳ ಕಾಲದ ನಾಡು ಕೇವಲ ಕಂದಾಯದ ಗಡಿಯಾಗಿರಲಿಲ್ಲ. ಬಿ.ಎಲ್. ರೈಸ್ ಅವರು 1902ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ ಹಾಸನ ಜಿಲ್ಲೆಯ ಸಂಪುಟದಲ್ಲಿ ಗಾವುಂಡರು, ಸೇನಬೋವರು ದಾನಗಳ ಸಂದರ್ಭದಲ್ಲಿ ಮತ್ತೆ ಮತ್ತೆ ಎದುರಾಗುತ್ತಾರೆ. ಅರಸೀಕೆರೆಯ ನಿದರ್ಶನ ವಿಶೇಷವಾದುದು. ಇಮ್ಮಡಿ ಬಲ್ಲಾಳನ ಕಾಲದಲ್ಲಿ, 1220ರಲ್ಲಿ, ರೇಚರಸನು ಕಟ್ಟಿಸಿದ ಸಹಸ್ರಕೂಟ ಜಿನಾಲಯದ ರಕ್ಷಣೆಯನ್ನು ವಹಿಸಿಕೊಂಡವರು ಆ ಊರಿನ ಸಾವಿರ ಒಕ್ಕಲು. ರಾಜಧಾನಿಯಾದ ದೋರಸಮುದ್ರ, ಅಂದರೆ ಹಳೇಬೀಡು, ದೂರವಿರದಿದ್ದರೂ ಈ ಹೊಣೆ ಸ್ಥಳೀಯ ಸಮುದಾಯಕ್ಕೆ ಸಂದದ್ದು ಗಮನಾರ್ಹ. ಹಾಗೆಂದು ಇದನ್ನು ಇಂದಿನ ಅರ್ಥದ ಪ್ರಜಾಪ್ರಭುತ್ವವೆನ್ನಲಾಗದು. ಗಾವುಂಡಿಕೆ ಬಹುಮಟ್ಟಿಗೆ ಭೂಮಿಯುಳ್ಳ ಮನೆತನಗಳ ಸೊತ್ತು.

ಮೈಸೂರು ಆಡಳಿತದಲ್ಲಿ ಹೋಬಳಿ ಪ್ರಧಾನವಾಯಿತು. ಜಾವಗಲ್ಲು, ಬಾಣಾವರಗಳು ಅರಸೀಕೆರೆ ತಾಲ್ಲೂಕಿನ ಹೋಬಳಿಗಳಾದವು, ಹಳೇಬೀಡು ಬೇಲೂರು ತಾಲ್ಲೂಕಿನದಾಯಿತು. ಲೆಕ್ಕ, ವಸೂಲಿಗಳು ಶೇಕದಾರನ ಪಾಲಿಗೆ ಬಂದವು, ಸಭೆ ಉಳಿಯಲಿಲ್ಲ. ಸೇನಬೋವನೇ ಶಾನುಭೋಗನಾಗಿ ಮುಂದುವರಿದನು. ಆ ವಂಶಪಾರಂಪರ್ಯ ಹುದ್ದೆಯೂ ಪಟೇಲಿಕೆಯೂ 1961ರ ಕಾಯಿದೆಯಿಂದ ರದ್ದಾದವು.

1983ರ ಕಾಯಿದೆಯ ಮಂಡಲ ಪಂಚಾಯಿತಿಯು ಹಲವು ಗ್ರಾಮಗಳನ್ನು ಒಂದೇ ಚುನಾಯಿತ ಸಭೆಯಡಿ ತಂದಿತು. 1987ರಲ್ಲಿ ಚುನಾವಣೆಗಳೂ ನಡೆದವು. ಹಳೆಯ ನಾಡಿನ ಕಲ್ಪನೆಗೆ ಸಮೀಪದ ಪ್ರಯೋಗ ಅದೊಂದೇ ಎನ್ನಬಹುದು. 1993ರ ಕಾಯಿದೆ ಅದನ್ನು ಕೈಬಿಟ್ಟು, ಅದಕ್ಕಿಂತ ಕಿರಿದಾದ ಗ್ರಾಮ ಪಂಚಾಯಿತಿಯನ್ನು ಅಂಗೀಕರಿಸಿತು. ಹೀಗಾಗಿ ಹೋಬಳಿಯ ಮಟ್ಟದಲ್ಲಿ ಉಪ ತಹಶೀಲ್ದಾರರಿದ್ದಾರೆ, ಚುನಾಯಿತ ಸಂಸ್ಥೆಯಿಲ್ಲ. ಒಂದು ಕೆರೆಯ ನೀರು ಎರಡು ಪಂಚಾಯಿತಿಗಳಿಗೆ ಹರಿದರೆ, ಆ ವಿಚಾರವನ್ನು ಚರ್ಚಿಸಲು ಹೋಬಳಿಯಲ್ಲಿ ಸಭೆಯೇ ಇಲ್ಲ. ಪ್ರಮಾಣಪತ್ರಕ್ಕಾಗಿ ರೈತನು ಅಲೆಯುವ ಕಚೇರಿಯ ಹೆಸರು ಮಾತ್ರ ಇಂದಿಗೂ ನಾಡಕಚೇರಿ.